ಡಾಕ್ಟರಾಗುವ ಮಗುವಿಗೆ ಯಾವ ಕಾಲೇಜು?

ಸರ್ಜನ್ ಜನರಲ್ ಎಂದರೆ ಅಮೆರಿಕದ ಜನರಿಗೆ ಸರ್ಕಾರದ ಪರವಾಗಿ ಆರೋಗ್ಯದ ಬುದ್ಧಿಮಾತು ಹೇಳುವ ಅತ್ಯುನ್ನತ ವೈದ್ಯ. 2009ರಿಂದ 2025ರ ಜನವರಿವರೆಗೆ ಸೆನೆಟ್‌ನ ಒಪ್ಪಿಗೆ ಪಡೆದು ಆ ಹುದ್ದೆಯಲ್ಲಿ ಕುಳಿತವರು ಮೂವರು: ರೆಜಿನಾ ಬೆಂಜಮಿನ್, ವಿವೇಕ್ ಮೂರ್ತಿ, ಜೆರೋಮ್ ಆಡಮ್ಸ್. ಮೂರ್ತಿಯವರ ಮನೆತನದ ಬೇರು ಮಂಡ್ಯ ಜಿಲ್ಲೆಯ ಹಲ್ಲೆಗೆರೆಯಲ್ಲಿದೆ. ಹಾಗಾಗಿ ಅವರು ಆ ಹುದ್ದೆಗೆ ಬಂದಾಗ ನಮ್ಮಲ್ಲಿ ಸಂಭ್ರಮವಾಯಿತು, ಅವರು ಓದಿದ್ದು ಹಾರ್ವರ್ಡ್‌ನಲ್ಲಿ ಎಂಬ ಮಾತೂ ಮನೆಮನೆ ತಲುಪಿತು. ಉಳಿದಿಬ್ಬರು ಎಲ್ಲಿ ಓದಿದರು ಎಂದು ಕೇಳಿದವರು ಕಡಿಮೆ. ಬೆಂಜಮಿನ್ ಪದವಿ ಪಡೆದದ್ದು ನ್ಯೂ ಆರ್ಲಿಯನ್ಸ್‌ನ ಝೇವಿಯರ್ ಎಂಬ ಸಣ್ಣ ವಿಶ್ವವಿದ್ಯಾಲಯದಲ್ಲಿ. ಆಡಮ್ಸ್ ಪದವಿ ಪಡೆದದ್ದು ಬಾಲ್ಟಿಮೋರ್ ಹೊರವಲಯದಲ್ಲಿ 1966ರಲ್ಲಿ ಶುರುವಾದ, ಜನರ ಬಾಯಲ್ಲಿ ಯುಎಂಬಿಸಿ ಎಂದೇ ಓಡಾಡುವ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಮೂರು ಬೇರೆಬೇರೆ ಬಾಗಿಲುಗಳಿಂದ ಹೊರಟವರು ತಲುಪಿದ್ದು ಒಂದೇ ಕುರ್ಚಿಗೆ.

ಈ ಮೂರು ಹೆಸರು ನನಗೆ ನೆನಪಾದದ್ದು ಮೂರು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ. ನ್ಯೂಜೆರ್ಸಿಯಿಂದ ತಂಗಿಯ ಫೋನು. ಅಲ್ಲಿ ಬೆಳಗಿನ ಕಾಫಿಯ ಹೊತ್ತು, ಮೈಸೂರಲ್ಲಿ ದೀಪ ಹಚ್ಚುವ ಹೊತ್ತು. ಡಾಕ್ಟರಾಗಬೇಕೆಂದು ಹಟ ಹಿಡಿದ ಮಗಳಿಗೆ ಎರಡು ಕಡೆ ಪ್ರವೇಶ ಸಿಕ್ಕಿತ್ತು. ಒಂದು ಜಗತ್ತೇ ಹೆಸರು ಕೇಳಿದ ಖಾಸಗಿ ವಿಶ್ವವಿದ್ಯಾಲಯ. ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 85 ಸಾವಿರ ಡಾಲರ್ ದಾಟುತ್ತಿತ್ತು. ಇನ್ನೊಂದು ಅವರದೇ ರಾಜ್ಯದ ವಿಶ್ವವಿದ್ಯಾಲಯ. ಖರ್ಚು ಅದರ ಅರ್ಧಕ್ಕೂ ಕಡಿಮೆ. ಮೇ 1ರೊಳಗೆ ಯಾವುದಾದರೊಂದಕ್ಕೆ ಹೂಂ ಅನ್ನಬೇಕು. ‘ಅಕ್ಕ, ಅಂಥ ಹೆಸರು ಕೈಗೆ ಬಂದಿದೆ ಕಣೆ. ಬಿಟ್ಟುಬಿಟ್ಟು, ನಾಳೆ ಮೆಡಿಕಲ್ ಸೀಟು ಸಿಗದೇ ಹೋದ್ರೆ ಅವಳು ನಮ್ಮನ್ನೇ ಅಲ್ವಾ ಕೇಳೋದು?’ ಎಂದಳು. ಅಷ್ಟರಲ್ಲಿ ಇಲ್ಲಿ ಅಮ್ಮ ಪಕ್ಕದ ಮನೆಯವರಿಗೆ ‘ಮೊಮ್ಮಗಳಿಗೆ ಮೆಡಿಕಲ್ ಸಿಕ್ತು’ ಎಂದು ಹೇಳಿಯೂ ಆಗಿತ್ತು.

ಅಮ್ಮನ ಮಾತಿನಲ್ಲಿದ್ದ ಗೊಂದಲ ಕರ್ನಾಟಕದ ಬಹಳ ಮನೆಗಳಲ್ಲಿದೆ, ಅದನ್ನು ಮೊದಲು ಬಿಡಿಸಬೇಕು. ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದವರು ಹದಿನೆಂಟಕ್ಕೇ ಎಂಬಿಬಿಎಸ್ ತರಗತಿಯಲ್ಲಿ ಕೂರುತ್ತಾರೆ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ವೈದ್ಯಕೀಯ. ‘ಪ್ರೀಮೆಡ್’ ಎನ್ನುವುದು ಸೀಟೂ ಅಲ್ಲ, ಪದವಿಯೂ ಅಲ್ಲ. ಜೀವವಿಜ್ಞಾನ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಒಂದೊಂದು ವರ್ಷ, ಜೊತೆಗೆ ಬಯೊಕೆಮಿಸ್ಟ್ರಿ, ಗಣಿತ ಅಥವಾ ಸಂಖ್ಯಾಶಾಸ್ತ್ರ, ಇಂಗ್ಲಿಷ್ – ಇಷ್ಟನ್ನು ಓದಿಕೊಂಡು ವೈದ್ಯಕೀಯಕ್ಕೆ ಅರ್ಜಿ ಹಾಕಲು ಸಿದ್ಧವಾಗುವ ಹಾದಿಗೆ ಇಟ್ಟ ಹೆಸರು ಅದು. ಇತಿಹಾಸವನ್ನೋ ಸಂಗೀತವನ್ನೋ ಮುಖ್ಯ ವಿಷಯವಾಗಿ ಓದುತ್ತಲೇ ಇವನ್ನೂ ಮುಗಿಸಿ ಡಾಕ್ಟರಾದವರು ಇದ್ದಾರೆ. ಎಂಟು ವರ್ಷದ ಒಟ್ಟು ಪಯಣಕ್ಕೆ ಒಂದೇ ಸಲ ಪ್ರವೇಶ ಕೊಡುವ ಬ್ರೌನ್ ವಿಶ್ವವಿದ್ಯಾಲಯದ ಪಿಎಲ್‌ಎಂಇಯಂಥ ವ್ಯವಸ್ಥೆಗಳೂ ಉಂಟು, ಆದರೆ ಅಲ್ಲಿ ಜಾಗ ತೀರ ಕಡಿಮೆ. ಉಳಿದವರೆಲ್ಲ ಪದವಿಯ ಕೊನೆಗೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ಈ ಪದ್ಧತಿ ಬಂದದ್ದು ಹೇಗೆ ಎಂಬುದು ಮುಂದಿನ ಮಾತಿಗೆ ಬೇಕಾಗುತ್ತದೆ. 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಪದವಿ ಇಲ್ಲದವರಿಗೆ ಪ್ರವೇಶವಿಲ್ಲ ಎಂದಿತು. ಆಗ ಅದು ಅಪರೂಪದ ಷರತ್ತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ, ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಪರಿಶೀಲಿಸಿ ಕೊಟ್ಟ ವರದಿ ಆ ಷರತ್ತಿನ ಕಡೆಗೆ ಇಡೀ ವ್ಯವಸ್ಥೆಯನ್ನು ತಿರುಗಿಸಿತು. ಹಣಕ್ಕಾಗಿ ನಡೆಯುತ್ತಿದ್ದ ಎಷ್ಟೋ ಕಳಪೆ ಶಾಲೆಗಳು ಮುಚ್ಚಿದವು. ಅದರ ಜೊತೆಗೇ, ಕಪ್ಪು ಜನರಿಗಾಗಿ ಇದ್ದ ಏಳು ವೈದ್ಯಕೀಯ ಶಾಲೆಗಳಲ್ಲಿ ಐದಕ್ಕೆ ಬೀಗ ಬಿತ್ತು. ಹಾವರ್ಡ್ ಮತ್ತು ಮೆಹ್ಯಾರಿ ಎರಡೇ ಉಳಿದವು. ಆ ಗಾಯ ಇನ್ನೂ ಮಾಗಿಲ್ಲ.

ವೈದ್ಯಕೀಯಕ್ಕೆ ನಿಲ್ಲುವ ಆ ಸಾಲು ಎಷ್ಟು ಉದ್ದ? 2023–24ರ ಸಾಲಿನಲ್ಲಿ ಅಲ್ಲಿ ಮೊದಲ ವೈದ್ಯಕೀಯ ಪದವಿಯೇ ಆದ ಎಂ.ಡಿ ಕೊಡುವ ಶಾಲೆಗಳಿಗೆ 52,577 ಮಂದಿ ಅರ್ಜಿ ಹಾಕಿದರು. ಸೇರಿದವರು 22,981. ಅಂದರೆ ನೂರಕ್ಕೆ ನಲವತ್ತನಾಲ್ಕು. ಸೇರಿದವರ ಪದವಿಯ ಸರಾಸರಿ ಗ್ರೇಡ್ 4ಕ್ಕೆ 3.77, ಎಂಸಿಎಟಿ ಎಂಬ ಪ್ರವೇಶ ಪರೀಕ್ಷೆಯ ಸರಾಸರಿ ಅಂಕ 528ಕ್ಕೆ 511.7. ನಮ್ಮಲ್ಲಿ ನೀಟ್ ರ‍್ಯಾಂಕ್ ಒಳ್ಳೆಯದು ಬಂತೆಂದರೆ ನೀವು ಓದಿದ್ದು ಮೂಡುಬಿದಿರೆಯ ಪಿಯು ಕಾಲೇಜೋ ಊರಿನ ಸರ್ಕಾರಿ ಕಾಲೇಜೋ ಎಂದು ಕೌನ್ಸೆಲಿಂಗ್‌ನಲ್ಲಿ ಯಾರೂ ಕೇಳುವುದಿಲ್ಲ; ಒಂದು ಮಧ್ಯಾಹ್ನದ ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸಿರುತ್ತದೆ. ಅಲ್ಲಿ ಹಾಗಲ್ಲ. ನಾಲ್ಕು ವರ್ಷದ ಪ್ರತಿಯೊಂದು ಕೋರ್ಸಿನ ಗ್ರೇಡೂ ಅರ್ಜಿಯ ಜೊತೆ ಹೋಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿಯಲ್ಲಿ ಬಂದ ಒಂದು ‘ಸಿ’ ಮತ್ತೆ ಅದೇ ಕೋರ್ಸು ಓದಿ ‘ಎ’ ತಂದರೂ ಲೆಕ್ಕದಿಂದ ಅಳಿಯುವುದಿಲ್ಲ. ವಿಜ್ಞಾನ, ಗಣಿತದ ಗ್ರೇಡುಗಳನ್ನು ಬೇರೆಯಾಗಿಯೂ ಕೂಡಿ ತೋರಿಸುತ್ತಾರೆ. ಇವಳು ಓದಿದ್ದು ಕಠಿಣವಾದ ಕಾಲೇಜು ಎಂದು ಆ ಲೆಕ್ಕ ಕೂಡುವ ಕೇಂದ್ರ ಸಂಸ್ಥೆ ಒಂದು ದಶಾಂಶವನ್ನೂ ಸೇರಿಸಿಕೊಡುವುದಿಲ್ಲ.

ಹೀಗಾಗಿ ಕಾಲೇಜು ಆರಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ‘ಇದು ಎಷ್ಟು ದೊಡ್ಡ ಕಾಲೇಜು?’ ಎಂಬುದಲ್ಲ, ‘ಈ ಮಗು ಇಲ್ಲಿ ಚೆನ್ನಾಗಿ ಓದಬಲ್ಲುದೇ?’ ಎಂಬುದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ‘ಎ’ ಶ್ರೇಣಿ ಶೇ 35ನ್ನು ಮೀರಬಾರದು ಎಂಬ ಗುರಿ ಇಟ್ಟುಕೊಂಡಿತ್ತು, ಹತ್ತು ವರ್ಷದ ಮೇಲೆ ಕೈಬಿಟ್ಟಿತು. ಆ ಹತ್ತು ವರ್ಷ ಅಲ್ಲಿ ಪ್ರೀಮೆಡ್ ಓದಿದ ಮಕ್ಕಳಿಗೆ ಅದರ ಬಿಸಿ ಎಷ್ಟು ತಟ್ಟಿರಬೇಕು ಎಂದು ಯೋಚಿಸಿ. 2022ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಇನ್ನೂ ಹತ್ತಿರದ ನೆನಪು. ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಹೆಸರಾಂತ ಪಠ್ಯಪುಸ್ತಕ ಬರೆದ ಮೇಟ್‌ಲ್ಯಾಂಡ್ ಜೋನ್ಸ್ ಪಾಠ ಹೇಳುತ್ತಿದ್ದ ತರಗತಿಯ 350 ವಿದ್ಯಾರ್ಥಿಗಳಲ್ಲಿ 82 ಮಂದಿ, ಅಂಕ ನೀಡಿಕೆ ಕಠಿಣವಾಯಿತು, ನೆರವು ಸಾಲದು ಎಂದು ಮನವಿಗೆ ಸಹಿ ಹಾಕಿದರು. ಎಂಬತ್ತು ದಾಟಿದ್ದ ಆ ಪ್ರಾಧ್ಯಾಪಕರ ಒಪ್ಪಂದವನ್ನು ವಿಶ್ವವಿದ್ಯಾಲಯ ಕೊನೆಗೊಳಿಸಿತು. ತಪ್ಪು ಮೇಷ್ಟರದೋ ಮಕ್ಕಳದೋ ಎಂದು ದೇಶವೆಲ್ಲ ಚರ್ಚೆ ಮಾಡಿತು. ನನಗೆ ಕಂಡದ್ದು ಬೇರೆ: 350 ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಒಂದು ವಿಷಯವನ್ನು ಜರಡಿಯಂತೆ ಹಿಡಿದು, ಕೆಳಗೆ ಬಿದ್ದವರ ಕಡೆ ಯಾರೂ ನೋಡದಂಥ ವ್ಯವಸ್ಥೆ. ಅಂಥ ಜರಡಿ ಎಲ್ಲ ದೊಡ್ಡ ಕ್ಯಾಂಪಸ್‌ಗಳಲ್ಲೂ ಇದೆ, ಸರ್ಕಾರಿಯಿರಲಿ ಖಾಸಗಿಯಿರಲಿ.

ಜರಡಿ ಹಿಡಿಯದೆಯೂ ಡಾಕ್ಟರುಗಳನ್ನು ರೂಪಿಸಬಹುದೆಂದು ತೋರಿಸಿದ್ದು ಝೇವಿಯರ್. ಕ್ಯಾಥೊಲಿಕ್ ಸಂಸ್ಥೆಯೂ ಆಗಿರುವ, ಕಪ್ಪು ಜನರಿಗಾಗಿಯೇ ಕಟ್ಟಿದ ವಿಶ್ವವಿದ್ಯಾಲಯಗಳಲ್ಲಿಯೂ ಒಂದಾದ ಬೇರೊಂದು ವಿಶ್ವವಿದ್ಯಾಲಯ ಅಮೆರಿಕದಲ್ಲಿಲ್ಲ. ವಿದ್ಯಾರ್ಥಿಗಳು ಸುಮಾರು ಮೂರು ಸಾವಿರ. ಬಹುಪಾಲು ಮಕ್ಕಳು ಶ್ರೀಮಂತ ಮನೆಯವರಲ್ಲ, ಹೈಸ್ಕೂಲಿನಲ್ಲಿ ಒಳ್ಳೆಯ ಪ್ರಯೋಗಾಲಯ ಕಂಡವರೂ ಅಲ್ಲ. ಹಾಗಿದ್ದೂ ವೈದ್ಯಕೀಯ ಮುಗಿಸಿ ಬರುವ ಕಪ್ಪು ವೈದ್ಯರನ್ನು ದೇಶದಲ್ಲೇ ಅತಿ ಹೆಚ್ಚು ಕೊಟ್ಟ ಪದವಿ ಕಾಲೇಜು ಎಂಬ ಹೆಸರನ್ನು ಅದು ವರ್ಷಗಟ್ಟಲೆ ಉಳಿಸಿಕೊಂಡಿದೆ. 1968ರಿಂದ 2015ರವರೆಗೆ 47 ವರ್ಷ ಅದರ ಅಧ್ಯಕ್ಷರಾಗಿದ್ದವರು ನಾರ್ಮನ್ ಫ್ರಾನ್ಸಿಸ್. ತಮ್ಮಲ್ಲಿ ವಿಜ್ಞಾನ ಓದಿದವರು ವೈದ್ಯಕೀಯಕ್ಕೆ ಹೋಗುತ್ತಿರುವುದು ತೀರ ಕಡಿಮೆ ಎಂದು ಕಂಡು, ಅವರು ಕೆಮಿಸ್ಟ್ರಿ ಮೇಷ್ಟರೊಬ್ಬರಿಗೆ, ಜೆ.ಡಬ್ಲ್ಯು. ಕಾರ್ಮೈಕೇಲ್ ಅವರಿಗೆ, ಆ ಹೊಣೆ ಒಪ್ಪಿಸಿದರು. ಅಲ್ಲಿಂದ ಶುರುವಾದದ್ದು ಮಂತ್ರವಿದ್ಯೆಯೇನಲ್ಲ. ಒಂದೇ ಕೋರ್ಸನ್ನು ಹೇಳುವ ಮೇಷ್ಟರುಗಳೆಲ್ಲ ಕೂತು ಪಾಠವನ್ನು ಒಂದೇ ಹದಕ್ಕೆ ತಂದರು. ಮಕ್ಕಳು ಗುಂಪು ಕಟ್ಟಿ ಓದಬೇಕೆಂದರು, ಮೇಲಿನ ತರಗತಿಯವರು ಕೆಳಗಿನವರಿಗೆ ಹೇಳಿಕೊಟ್ಟರು. ಯಾರ ಅಂಕ ಕುಸಿಯುತ್ತಿದೆ ಎಂದು ಸೆಮಿಸ್ಟರು ಮುಗಿಯುವವರೆಗೆ ಕಾಯದೆ ಸಲಹೆಗಾರರು ಕರೆಸಿ ಮಾತಾಡಿದರು. ಪಕ್ಕದವನು ಬಿದ್ದರೆ ನನಗೆ ಜಾಗ ಎಂಬ ಲೆಕ್ಕವೇ ಅಲ್ಲಿರಲಿಲ್ಲ.

ಯುಎಂಬಿಸಿಯಲ್ಲಿ 1988ರಲ್ಲಿ ಶುರುವಾದ ಮೇಯರ್‌ಹಾಫ್ ವಿದ್ಯಾರ್ಥಿವೇತನ ಯೋಜನೆಯೂ ಇದೇ ನಂಬಿಕೆಯ ಮೇಲೆ ನಿಂತದ್ದು. ಆಡಮ್ಸ್ ಆ ಯೋಜನೆಯಲ್ಲಿ ಓದಿದವರು. ಮೊಡೆರ್ನಾ ಕೋವಿಡ್ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ದುಡಿದ ವಿಜ್ಞಾನಿ ಕಿಜ್‌ಮೆಕಿಯಾ ಕಾರ್ಬೆಟ್ ಕೂಡ ಅಲ್ಲಿಂದಲೇ ಬಂದವರು. ನೂರು ವರ್ಷದ ಹಿಂದೆ ಐದು ಶಾಲೆಗಳ ಬಾಗಿಲು ಮುಚ್ಚಿದ್ದರಿಂದ ಆದ ನಷ್ಟವನ್ನು ಹೆಸರಿಲ್ಲದ ಇಂಥ ಪದವಿ ಕಾಲೇಜುಗಳು ಒಬ್ಬೊಬ್ಬರನ್ನೇ ಎತ್ತಿ ನಿಲ್ಲಿಸಿ ತುಂಬಿಕೊಡುತ್ತಿವೆ. ಡಾಕ್ಟರಾಗುವ ಮಗುವಿಗೆ ಎಂಥ ಕಾಲೇಜು ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಝೇವಿಯರ್ ಕತೆಯನ್ನೇ ಹೇಳುತ್ತೇನೆ. ಎಲ್ಲರೂ ಅಲ್ಲಿಗೇ ಹೋಗಲಿ ಎಂದಲ್ಲ. ಹುಡುಕಬೇಕಾದ ಗುಣ ಯಾವುದು ಎಂದು ಅದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

ಹೆಸರಿಗೆ ಬೆಲೆಯೇ ಇಲ್ಲವೇ? ಇಲ್ಲವೆಂದರೆ ಸುಳ್ಳಾಗುತ್ತದೆ. ಸಂಶೋಧನೆಗೆ ಹೆಸರಾದ ಕೆಲವು ಖಾಸಗಿ ವೈದ್ಯಕೀಯ ಶಾಲೆಗಳ ತರಗತಿ ಪಟ್ಟಿ ನೋಡಿದರೆ ಹೆಸರಾಂತ ಕಾಲೇಜುಗಳ ಮಕ್ಕಳೇ ಎದ್ದು ಕಾಣುತ್ತಾರೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯದ ಕೆಲಸ ಸುಲಭವಾಗಿ ಸಿಗುತ್ತದೆ, ಪಕ್ಕದಲ್ಲೇ ದೊಡ್ಡ ಆಸ್ಪತ್ರೆಯೂ ಇದ್ದರೆ ರೋಗಿಗಳ ನಡುವೆ ಕೆಲಸ ಮಾಡಿದ ಅನುಭವ ಗಿಟ್ಟುತ್ತದೆ. ಆದರೆ ಆ ಕಾಲೇಜುಗಳಿಗೆ ಬರುವ ಮಕ್ಕಳೇ ಹೈಸ್ಕೂಲಿನಲ್ಲಿ ಸೋಸಿ ಬಂದವರು. ಅವರು ಬೇರೆಲ್ಲಿ ಓದಿದ್ದರೂ ಬಹುಪಾಲು ಅಲ್ಲಿಗೇ ತಲುಪುತ್ತಿದ್ದರು ಎಂಬುದು ನನ್ನ ನಂಬಿಕೆ. ರಾಜ್ಯ ಸರ್ಕಾರದ ವೈದ್ಯಕೀಯ ಶಾಲೆಗಳಿಗಂತೂ ಕಾಲೇಜಿನ ಹೆಸರಿಗಿಂತ ನೀವು ಯಾವ ರಾಜ್ಯದ ನಿವಾಸಿ ಎಂಬುದೇ ಮುಖ್ಯ. ಟೆಕ್ಸಸ್‌ನಲ್ಲಿ ಸರ್ಕಾರಿ ವೈದ್ಯಕೀಯ ಶಾಲೆಗಳು ಹೊರರಾಜ್ಯದವರನ್ನು ಶೇ 10ಕ್ಕಿಂತ ಹೆಚ್ಚು ಸೇರಿಸಿಕೊಳ್ಳುವಂತಿಲ್ಲ ಎಂಬ ಕಾನೂನೇ ಇದೆ. ಡಲ್ಲಾಸ್‌ನಲ್ಲೋ ಹ್ಯೂಸ್ಟನ್‌ನಲ್ಲೋ ನೆಲೆಸಿದ ಕನ್ನಡದ ಮನೆಯ ಮಗುವಿಗೆ ಇದಕ್ಕಿಂತ ದೊಡ್ಡ ಅನುಕೂಲವನ್ನು ಯಾವ ಕಾಲೇಜಿನ ಹೆಸರೂ ಕೊಡಲಾರದು.

ಕಾಲೇಜಿನವರು ಹೇಳುವ ಶೇಕಡಾವಾರು ಲೆಕ್ಕದ ಬಗ್ಗೆಯೂ ಎಚ್ಚರ ಬೇಕು. ‘ನಮ್ಮಲ್ಲಿ ಓದಿ ವೈದ್ಯಕೀಯಕ್ಕೆ ಅರ್ಜಿ ಹಾಕಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಪ್ರವೇಶ ಸಿಕ್ಕಿದೆ’ ಎಂಬ ಮಾತು ಕ್ಯಾಂಪಸ್ ನೋಡಲು ಹೋದಾಗ ಕಿವಿಗೆ ಬಿದ್ದೇ ಬೀಳುತ್ತದೆ. ನೂರು ಎಂದರೆ ಯಾವ ನೂರು? ಮೊದಲ ವರ್ಷ ಡಾಕ್ಟರಾಗಬೇಕೆಂದು ಬಂದ ಮುನ್ನೂರು ಮಕ್ಕಳಲ್ಲಿ ಇನ್ನೂರು ಮಂದಿ ನಡುದಾರಿಯಲ್ಲಿ ಕೈಬಿಟ್ಟಿದ್ದರೆ ಅವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಕೆಲವು ಕಾಲೇಜುಗಳಲ್ಲಿ ಅರ್ಜಿಯ ಜೊತೆಗೆ ಪ್ರಾಧ್ಯಾಪಕರ ಸಮಿತಿಯ ಶಿಫಾರಸು ಪತ್ರ ಹೋಗುತ್ತದೆ. ಗ್ರೇಡು ಕಡಿಮೆ ಇದ್ದವರಿಗೆ ಪತ್ರ ಕೊಡಲು ಸಮಿತಿ ಒಪ್ಪದಿದ್ದರೆ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ, ಶೇಕಡಾವಾರು ಮಾತ್ರ ಹೊಳೆಯುತ್ತಿರುತ್ತದೆ. ಆದ್ದರಿಂದ ನೇರವಾಗಿ ಕೇಳಬೇಕು: ಮೊದಲ ವರ್ಷ ಎಷ್ಟು ಜನ ಪ್ರೀಮೆಡ್ ಎಂದು ಬಂದರು, ಕೊನೆಗೆ ಎಷ್ಟು ಜನ ಅರ್ಜಿ ಹಾಕಿದರು, ಕೇಳಿದವರಿಗೆಲ್ಲ ಪತ್ರ ಕೊಡುತ್ತೀರಾ? ಉತ್ತರ ತಡವರಿಸಿದರೆ ಅದೇ ಉತ್ತರ.

ಹಣದ ಮಾತನ್ನು ನಮ್ಮ ಮನೆಗಳಲ್ಲಿ ಕೊನೆಗೆ ಎತ್ತುತ್ತೇವೆ, ಮಕ್ಕಳ ಓದಿಗೆ ಲೆಕ್ಕ ನೋಡಬಾರದು ಎಂಬ ಸಂಸ್ಕಾರ ನಮ್ಮದು. ಇಲ್ಲಿ ನೋಡಲೇಬೇಕು, ಏಕೆಂದರೆ ಈ ಮಗುವಿಗೆ ಎರಡು ಸಲ ಶುಲ್ಕ ಕಟ್ಟಬೇಕು. ಎರಡನೆಯ ಸಲದ್ದೇ ದೊಡ್ಡದು. ಹಲವು ಖಾಸಗಿ ವೈದ್ಯಕೀಯ ಶಾಲೆಗಳಲ್ಲಿ ನಾಲ್ಕು ವರ್ಷದ ಒಟ್ಟು ಖರ್ಚು ಮೂರೂವರೆ ಲಕ್ಷ ಡಾಲರ್ ದಾಟುತ್ತದೆ. ಇದುವರೆಗೆ ಬೇಕಾದಷ್ಟು ಸಾಲವನ್ನು ಕೇಂದ್ರ ಸರ್ಕಾರವೇ ಕೊಡುತ್ತಿತ್ತು. 2025ರ ಜುಲೈನಲ್ಲಿ ಜಾರಿಯಾದ ಕಾನೂನು ಅದಕ್ಕೆ ಕಟ್ಟು ಹಾಕಿದೆ: 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವೈದ್ಯಕೀಯ ವಿದ್ಯಾರ್ಥಿಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಮಿತಿ. ಉಳಿದದ್ದಕ್ಕೆ ಬ್ಯಾಂಕಿನ ಮುಂದೆ ನಿಲ್ಲಬೇಕು, ಇಲ್ಲವೇ ಅಪ್ಪ–ಅಮ್ಮನ ಉಳಿತಾಯಕ್ಕೆ ಕೈ ಹಾಕಬೇಕು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 2018ರಲ್ಲಿ, ಬ್ರಾಂಕ್ಸ್‌ನ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜು 2024ರಲ್ಲಿ ಬೋಧನಾ ಶುಲ್ಕವನ್ನೇ ಮನ್ನಾ ಮಾಡಿದ್ದು ನಿಜ. ಅವನ್ನು ನೆಚ್ಚಿಕೊಂಡು ಸಂಸಾರದ ಲೆಕ್ಕ ಹಾಕಲಾಗದು. ಪದವಿಯ ನಾಲ್ಕು ವರ್ಷದಲ್ಲಿ ಹೆಸರಿಗಾಗಿ ಹೆಚ್ಚುವರಿಯಾಗಿ ಸುರಿಯುವ ಎರಡು ಲಕ್ಷ ಡಾಲರ್ ಮುಂದೆ ಅದೇ ಮಗುವಿನ ವೈದ್ಯಕೀಯಕ್ಕೆ ಬೇಕಾಗುವ ಹಣ.

ಇವೆಲ್ಲಕ್ಕಿಂತ ಮೊದಲು ನೋಡಬೇಕಾದ ಒಂದು ಕಾಗದವಿದೆ. ಕನ್ನಡ ಕೂಟಗಳ ಮಾತುಕತೆಯಲ್ಲಿ ಅದರ ಬಗ್ಗೆ ಸಂಕೋಚವೇ ಹೆಚ್ಚು. ಎಚ್‌–1ಬಿ ವೀಸಾದಲ್ಲಿ ದುಡಿಯುತ್ತ, ಗ್ರೀನ್ ಕಾರ್ಡಿನ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಿರುವ ಸಾವಿರಾರು ಭಾರತೀಯ ಕುಟುಂಬಗಳಲ್ಲಿ ನಮ್ಮವರೂ ಇದ್ದಾರೆ. ಇಂಥ ಮನೆಯ ಮಗು ಎರಡು ವರ್ಷದ ಕೂಸಾಗಿ ಬೆಂಗಳೂರಿನಿಂದ ಹೋಗಿ, ಅಲ್ಲೇ ಬೆಳೆದಿದ್ದರೂ ಇಪ್ಪತ್ತೊಂದು ತುಂಬಿದ ದಿನ ಅಪ್ಪ–ಅಮ್ಮನ ವೀಸಾದ ನೆರಳಿನಿಂದ ಹೊರಗೆ ಬೀಳುತ್ತದೆ. ಅದು ಸಾಮಾನ್ಯವಾಗಿ ಪದವಿಯ ಮೂರನೇ ಅಥವಾ ನಾಲ್ಕನೇ ವರ್ಷ, ವೈದ್ಯಕೀಯಕ್ಕೆ ಅರ್ಜಿ ಬರೆಯುವ ಹೊತ್ತು. ಆಗ ಅದು ವಿದೇಶಿ ವಿದ್ಯಾರ್ಥಿ. ಬಹುಪಾಲು ವೈದ್ಯಕೀಯ ಶಾಲೆಗಳು ವಿದೇಶಿಯರ ಅರ್ಜಿಯನ್ನೇ ಪರಿಗಣಿಸುವುದಿಲ್ಲ. ಪರಿಗಣಿಸುವ ಶಾಲೆಗಳಲ್ಲಿ ಕೆಲವು, ಪೂರ್ತಿ ಓದಿನ ಖರ್ಚನ್ನು ಮುಂಗಡವಾಗಿ ಠೇವಣಿ ಇಡಲು ಕೇಳುತ್ತವೆ. ಕೇಂದ್ರದ ಸಾಲ ಅವರಿಗಿಲ್ಲ. ಹೈಸ್ಕೂಲಿನಲ್ಲಿ ಎಲ್ಲದರಲ್ಲೂ ‘ಎ’ ತಂದ ಹುಡುಗಿಗೆ ಈ ಸಂಗತಿ ಕಾಲೇಜಿನ ಮೂರನೇ ವರ್ಷದಲ್ಲಿ ಗೊತ್ತಾಗುವುದು ಅನ್ಯಾಯ. ಅಂಥ ಮನೆಯವರು ಕಾಲೇಜಿನ ಪಟ್ಟಿ ಹಿಡಿಯುವ ಮೊದಲು ವಲಸೆ ವಕೀಲರ ಹತ್ತಿರ ಕೂತು ಮಾತಾಡಬೇಕು, ವಿದೇಶಿಯರನ್ನು ತೆಗೆದುಕೊಳ್ಳುವ ವೈದ್ಯಕೀಯ ಶಾಲೆಗಳು ಯಾವುವೆಂದು ಆಗಲೇ ಬರೆದಿಟ್ಟುಕೊಳ್ಳಬೇಕು, ಆ ಮಾತುಕತೆಯಲ್ಲಿ ಮಗುವನ್ನೂ ಕೂರಿಸಿಕೊಳ್ಳಬೇಕು. ಊರಿನಲ್ಲೇ ಪದವಿ ಮುಗಿಸಿ ಅಲ್ಲಿ ಎಂ.ಡಿ ಸೇರುತ್ತೇನೆ ಎನ್ನುವ ನಮ್ಮ ಮಕ್ಕಳಿಗೂ ಇದೇ ಮಾತು. ಅವರಿಗೆ ತೆರೆದಿರುವ ದಾರಿ ಇಲ್ಲಿ ಎಂಬಿಬಿಎಸ್ ಮುಗಿಸಿ, ಯುಎಸ್‌ಎಂಎಲ್‌ಇ ಎಂಬ ಅಲ್ಲಿನ ಪರವಾನಗಿ ಪರೀಕ್ಷೆ ಬರೆದು, ಆಸ್ಪತ್ರೆಯ ತರಬೇತಿಯಾದ ರೆಸಿಡೆನ್ಸಿಗೆ ಹೋಗುವುದು.

ತಂಗಿಯ ಮನೆಯಲ್ಲಿ ಎಲ್ಲರಿಗೂ ಪೌರತ್ವವಿತ್ತು, ಆ ಚಿಂತೆ ಇರಲಿಲ್ಲ. ಏಪ್ರಿಲ್ ಕೊನೆಯ ವಾರ ಹುಡುಗಿ ತಾನೇ ತೀರ್ಮಾನ ಮಾಡಿ ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರಿದಳು. ಅವಳು ಎರಡನೇ ವರ್ಷದಲ್ಲಿದ್ದಾಗ, ಅಕ್ಟೋಬರಿನಲ್ಲಿ, ನಾನು ಅಲ್ಲಿಗೆ ಹೋಗಿದ್ದೆ. ಒಂದು ಸಂಜೆ ಅವಳನ್ನು ಕರೆತರಲು ಕ್ಯಾಂಪಸ್ಸಿಗೆ ಹೋದರೆ, ಕೆಮಿಸ್ಟ್ರಿ ಕಟ್ಟಡದ ಪಡಸಾಲೆಯಲ್ಲಿ ಐದಾರು ಮಕ್ಕಳು ನೆಲದ ಮೇಲೆ ಕೂತಿದ್ದರು. ನಡುವೆ ಕಪ್ಪು, ಬಿಳಿ, ಕೆಂಪು ಪ್ಲಾಸ್ಟಿಕ್ ಗುಂಡುಗಳು, ಕಡ್ಡಿಗಳು. ಅಣುವಿನ ಆಕಾರ ಕಟ್ಟಿ, ಬಿಚ್ಚಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಮತ್ತೆ ಕಟ್ಟುತ್ತಿದ್ದರು. ಬಾಗಿಲು ತೆರೆದ ಕೋಣೆಯಿಂದ ಪ್ರಾಧ್ಯಾಪಕಿ ಹೊರಗೆ ಬಂದು, ನಮ್ಮ ಹುಡುಗಿಯನ್ನು ಹೆಸರಿಟ್ಟು ಕರೆದು, ಅವಳ ಕೈಯಲ್ಲಿದ್ದ ಗುಂಡೊಂದನ್ನು ಕಿತ್ತು ಪಕ್ಕದ ಕಡ್ಡಿಗೆ ಸಿಕ್ಕಿಸಿ ‘ಈಗ ನೋಡು’ ಎಂದರು. ಕಾರಿನಲ್ಲಿ ಬರುವಾಗ ಕೇಳಿದೆ, ಮೊದಲ ಪರೀಕ್ಷೆ ಹೇಗಾಯಿತು ಎಂದು. ‘ಚೆನ್ನಾಗಾಗ್ಲಿಲ್ಲ ದೊಡ್ಡಮ್ಮ. ಆವತ್ತಿಂದ ಪ್ರತಿ ಮಂಗಳವಾರ ಇಲ್ಲಿ ಬಂದು ಕೂರ್ತೀನಿ. ಎರಡನೇದು ಪರವಾಗಿಲ್ಲ’ ಎಂದಳು.

ಅವಳು ಇನ್ನೂ ವೈದ್ಯಕೀಯಕ್ಕೆ ಅರ್ಜಿ ಹಾಕಿಲ್ಲ. ಪದವಿ ಮುಗಿಸಿ ಒಂದು ವರ್ಷ ಕ್ಲಿನಿಕ್ಕೊಂದರಲ್ಲಿ ದುಡಿದು ಆಮೇಲೆ ಹಾಕುತ್ತೇನೆ ಎನ್ನುತ್ತಾಳೆ; ಈಗ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೀಗೇ ಒಂದೆರಡು ವರ್ಷ ಬಿಟ್ಟು ಸೇರುತ್ತಾರೆ. ಸೀಟು ಸಿಗುತ್ತದೋ ಇಲ್ಲವೋ ಯಾರೂ ಹೇಳಲಾರರು. ಸಿಗದಿದ್ದರೂ ಅವಳ ತಲೆಯ ಮೇಲೆ ಸಾಲವಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಏಪ್ರಿಲ್ ಬಂದಿದ್ದರೆ ಒಂದು ಕೆಲಸ ಮಾಡಿ. ಮೇ 1ಕ್ಕೆ ಮೊದಲು ಒಂದು ದಿನ ರಜೆ ಹಾಕಿ, ಮಗುವನ್ನು ಕರೆದುಕೊಂಡು ಆ ಕಾಲೇಜಿಗೆ ಹೋಗಿ. ಪ್ರವಾಸಿಗಳಿಗೆ ತೋರಿಸುವ ಗ್ರಂಥಾಲಯ, ಗೋಪುರ ಆಮೇಲೆ ನೋಡಿದರಾಯಿತು. ಮೊದಲು ಪ್ರೀಮೆಡ್ ಸಲಹೆಗಾರರ ಕೋಣೆ ಎಲ್ಲಿದೆ ಎಂದು ಕೇಳಿ, ಬಾಗಿಲು ತಟ್ಟಿ, ಅಲ್ಲಿರುವವರು ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂದು ವಿಚಾರಿಸಿ.